ದಿತ್ವಾ ಚಂಡಮಾರುತ, ನಮ್ಮನೆ ದಾನದ ಡಬ್ಬಿ, ಶ್ರೀಲಂಕಾ ಪ್ರವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

2026ರ ಜನವರಿಯಲ್ಲಿ ನಾವು ಆರು ಜನ ಶ್ರೀಲಂಕಾಗೆ ಹೋಗಿ ಬಂದೆವು. ನಾನು, ನಮ್ಮ ಯಜಮಾನರು, 78 ವರ್ಷದ ನಮ್ಮತ್ತೆ, ಮಗ, ಸೊಸೆ, ಮೂರನೇ ಕ್ಲಾಸಿನ ಮೊಮ್ಮಗಳು. ಹೋಗುವ ಮುಂಚೆ ಜನ ಕೇಳಿದ್ದು ಒಂದು ಬಗೆ, ಬಂದಮೇಲೆ ಕೇಳುತ್ತಿರುವುದು ಇನ್ನೊಂದು ಬಗೆ. ಮೈಸೂರು ಕುವೆಂಪುನಗರದ ನಮ್ಮ ಬೀದಿಯವರು, ಪಾಂಡವಪುರದ ನನ್ನ ತವರಿನವರು, ಯಜಮಾನರ ವಾಕಿಂಗ್ ಗೆಳೆಯರು, ಎಲ್ಲರಿಗೂ ಅದದೇ ಉತ್ತರ ಹೇಳಿ ನಾಲಗೆ ಸವೆಯಿತು. "ಅತ್ತೆ, ಬರೆದು ಇಟ್ಟುಬಿಡಿ, ಕೇಳಿದವರಿಗೆ ಕಳಿಸಿದರಾಯಿತು" ಅಂತ ಸೊಸೆ ಹೇಳಿದ್ದಕ್ಕೆ ಇದು. ಬ್ಯಾಂಕಿನ ಕೌಂಟರಿನಲ್ಲಿ 32 ವರ್ಷ ಕೂತವಳು ನಾನು. ದುಡ್ಡಿನ ಪ್ರಶ್ನೆಗಳಿಗೆ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಅಲ್ಲಿ ಅಷ್ಟು ಜನ ಸತ್ತಿದ್ದಾರೆ, ನೀವು ಟೂರ್ ಹೋಗೋದಾ?

ಈ ಪ್ರಶ್ನೆ ಮೊದಲು ಬಂದಿದ್ದು ನಮ್ಮನೆ ಒಳಗಿನಿಂದಲೇ. ಟಿಕೆಟ್ ಮಾಡಿಸಿದ್ದು ದಸರಾ ರಜೆಯಲ್ಲಿ. 2025ರ ನವೆಂಬರ್ ಕೊನೆಯ ವಾರ ದಿತ್ವಾ ಬಂತು. ಆ ಹೆಸರು ಯೆಮನ್ ದೇಶ ಕೊಟ್ಟಿದ್ದಂತೆ, ಅಲ್ಲಿನ ಒಂದು ಹಿನ್ನೀರಿನ ಹೆಸರು. ಗಾಳಿಗಿಂತ ಮಳೆಯೇ ಅಲ್ಲಿ ಹೆಚ್ಚು ಕೊಂದಿದ್ದು. ಕ್ಯಾಂಡಿ, ಬದುಳ್ಳ, ನುವರ ಎಲಿಯ ಕಡೆಯ ಗುಡ್ಡಗಳು ಜಾರಿದವು, ಕೆಳಗೆ ಕೊಲಂಬೊ ಸುತ್ತ ಕೆಲನಿ ನದಿ ಉಕ್ಕಿತು. ಸತ್ತವರು 600ಕ್ಕೂ ಹೆಚ್ಚು. ಟಿವಿಯಲ್ಲಿ ನೋಡಿ ನಮ್ಮತ್ತೆ ಒಂದೇ ಮಾತು ಹೇಳಿದರು: "ಸೂತಕದ ಮನೆಗೆ ಹಬ್ಬದೂಟಕ್ಕೆ ಹೋದ ಹಾಗಾಗುತ್ತೆ ಕಣಮ್ಮ."

ಎರಡು ದಿನ ಮನೆಯಲ್ಲಿ ಯಾರೂ ಪ್ರವಾಸದ ಮಾತೆತ್ತಲಿಲ್ಲ. ಮೂರನೇ ದಿನ ನಾವು ರೂಮು ಹಿಡಿದಿದ್ದ ಗಾಲೆಯ ಗೆಸ್ಟ್ ಹೌಸಿನ ಯಜಮಾನಿಯಿಂದ ಮಗನಿಗೆ ಮೆಸೇಜ್ ಬಂತು. ನಮ್ಮ ಕಡೆ ಎಲ್ಲ ಸರಿಯಿದೆ, ಡಿಸೆಂಬರಿನ ಬುಕಿಂಗ್ ಎಲ್ಲ ಹೋಯಿತು, ನೀವೂ ಕ್ಯಾನ್ಸಲ್ ಮಾಡುತ್ತೀರಾ, ಈಗಲೇ ಹೇಳಿದರೆ ಅಡುಗೆಯವಳಿಗೆ ಬೇರೆ ಕೆಲಸ ನೋಡಿಕೊಳ್ಳಲು ಹೇಳುತ್ತೇನೆ ಅಂತ. ಆ ಕೊನೆಯ ಸಾಲನ್ನು ನಮ್ಮತ್ತೆಗೆ ಓದಿ ಹೇಳಿದೆ. "ಅಡುಗೆಯವಳು ಏನು ಮಾಡಿದ್ಲು ಪಾಪ" ಅಂದರು. ತೀರ್ಮಾನ ಅಲ್ಲಿಗೆ ಆಯಿತು.

ಆ ದೇಶ 2022ರಲ್ಲಿ ಸಾಲ ತೀರಿಸಲಾಗದೆ ಕೈಚೆಲ್ಲಿತ್ತು, ನೆನಪಿರಬೇಕು. ಪೆಟ್ರೋಲಿಗೆ ದಿನಗಟ್ಟಲೆ ಕ್ಯೂ ನಿಂತ ಜನ. ಚೇತರಿಸಿಕೊಂಡಿದ್ದರಲ್ಲಿ ಪ್ರವಾಸಿಗರ ಪಾಲು ದೊಡ್ಡದು, ಪ್ರವಾಸಿಗರಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಹೋಗುವುದು ನಮ್ಮ ದೇಶದಿಂದಲೇ. ಹಾಗಂತ ಗುಡ್ಡ ಕುಸಿದ ಮರುದಿನವೇ ಹೋಗಿ ಎನ್ನುತ್ತಿಲ್ಲ. ಮೊದಲ ಎರಡು ಮೂರು ವಾರ ರಸ್ತೆ, ರೂಮು, ಕುಡಿಯುವ ನೀರು ಎಲ್ಲ ಅಲ್ಲಿನವರಿಗೇ ಬೇಕು. ನಾವು ಗುಡ್ಡಗಾಡಿನ ಭಾಗ ಕೈಬಿಟ್ಟು, ದಕ್ಷಿಣದ ಕರಾವಳಿಗೆ ಮಾತ್ರ ಹೋದೆವು. ನೀಲಿ ರೈಲಿನಲ್ಲಿ ಟೀ ತೋಟ ನೋಡಬೇಕೆಂಬ ಸೊಸೆಯ ಆಸೆ ಹಾಗೇ ಉಳಿಯಿತು. ಬೆಟ್ಟದ ಹಳಿ ಹಲವು ಕಡೆ ಕಿತ್ತುಹೋಗಿತ್ತು.

ಟೂರಿನ ದುಡ್ಡನ್ನೇ ದಾನ ಮಾಡಬಹುದಿತ್ತಲ್ಲ?

ಹೀಗೆ ಕೇಳಿದವರಲ್ಲಿ ಎಷ್ಟು ಜನ ಡಬ್ಬಿಗೆ ಹಾಕಿದ್ದಾರೆ ಎನ್ನುವ ಲೆಕ್ಕ ನನ್ನ ಹತ್ತಿರ ಇದೆ. ಹೇಳುವುದಿಲ್ಲ.

ಲೆಕ್ಕಕ್ಕೇ ಬರೋಣ. ನಮ್ಮದು ವಾಪಸ್ ಬಾರದ ಟಿಕೆಟ್. ರದ್ದು ಮಾಡಿದ್ದರೆ ಕೈಗೆ ಸಿಗುತ್ತಿದ್ದುದು ಚಿಲ್ಲರೆ. ಉಳಿದ ದುಡ್ಡು ದಾನಕ್ಕೇ ಹೋಗುತ್ತಿತ್ತೋ, ಹೊಸ ಟಿವಿಗೆ ಹೋಗುತ್ತಿತ್ತೋ, ನಮ್ಮನೆಯವರನ್ನು ನಾನು ಬಲ್ಲೆ. ಪ್ರವಾಸದ ಖರ್ಚನ್ನು ನಾನು ದಾನದ ಲೆಕ್ಕಕ್ಕೆ ಸೇರಿಸುವುದೂ ಇಲ್ಲ. ಗೆಸ್ಟ್ ಹೌಸಿಗೆ ಕೊಟ್ಟಿದ್ದು ಬಾಡಿಗೆ, ಅದಕ್ಕೆ ಬದಲಾಗಿ ನಾವು ಮಲಗಿ ಎದ್ದಿದ್ದೇವೆ, ತಿಂಡಿ ತಿಂದಿದ್ದೇವೆ. ಅದು ವ್ಯಾಪಾರ. ದಾನದ ಡಬ್ಬಿ ಬೇರೆ, ಅಡುಗೆಮನೆ ಕಪಾಟಿನ ಮೇಲಿನ ಹಳೇ ಹಾರ್ಲಿಕ್ಸ್ ಡಬ್ಬಿ. 2018ರಲ್ಲಿ ಕೊಡಗಿನ ಗುಡ್ಡ ಕುಸಿದಾಗ ಶುರುವಾಗಿದ್ದು, ಆಮೇಲೆ ನಿಲ್ಲಿಸಿಲ್ಲ.

ಈ ಸಲ ಅದಕ್ಕೆ ಎಲ್ಲರೂ ತಮ್ಮ ಶಾಪಿಂಗಿಗೆಂದು ಇಟ್ಟುಕೊಂಡಿದ್ದರ ಅರ್ಧ ಹಾಕಬೇಕು ಅಂತ ನಮ್ಮತ್ತೆ ಕಟ್ಟು ಮಾಡಿದರು. ಯಜಮಾನರು ಶಾಪಿಂಗೇ ಮಾಡುವುದಿಲ್ಲವಾದ್ದರಿಂದ ಅವರಿಗೆ ಏನೂ ಬೀಳಬಾರದಿತ್ತು. ನಮ್ಮತ್ತೆ ಮಗನನ್ನು ಅಷ್ಟು ಸುಲಭಕ್ಕೆ ಬಿಡಲಿಲ್ಲ.

ನಾವು ಎರಡು ಚೀಲ ಒಳ್ಳೇ ಬಟ್ಟೆ ಕೊಡ್ತೀವಿ, ಹೋಗೋರು ಹೆಂಗೂ ಹೋಗ್ತಿದೀರಿ, ತಗೊಂಡು ಹೋಗಿ ಕೊಡಬಹುದಾ?

ಬೇಡ. ಬೇಸರ ಮಾಡಿಕೊಳ್ಳಬೇಡಿ, ಕಾರಣ ಹೇಳುತ್ತೇನೆ.

2018ರ ಆಗಸ್ಟ್ ಮಧ್ಯದಲ್ಲಿ ಮಕ್ಕಂದೂರು, ಜೋಡುಪಾಲ, ಮುಕ್ಕೋಡ್ಲು ಕಡೆ ಗುಡ್ಡ ಇಳಿದಾಗ ಮೈಸೂರಿನ ಬೀದಿ ಬೀದಿಯಲ್ಲೂ ಸಂಗ್ರಹ ನಡೆಯಿತು. ನಾಲ್ಕು ದಿನ ರಜೆ ಹಾಕಿ ನಾನೂ ಒಂದು ಕಲ್ಯಾಣ ಮಂಟಪದಲ್ಲಿ ಬಟ್ಟೆ ವಿಂಗಡಿಸಲು ಕೂತಿದ್ದೆ. ಊಟದ ಹಾಲಿನಲ್ಲಿ ಆಳೆತ್ತರದ ರಾಶಿ. ಮೊದಲು ಕೈಗೆ ಬಂದದ್ದು ಜರಿ ಕಿತ್ತ ಮದುವೆ ಸೀರೆ, ಆಮೇಲೆ ಬರೀ ಬಲಗಾಲಿನ ಒಂದು ಸ್ಯಾಂಡಲ್, ಆಮೇಲೆ ಅರ್ಧ ಖಾಲಿಯಾದ ಕೆಮ್ಮಿನ ಔಷಧದ ಬಾಟಲಿ, ಅದು ಸೋರಿ ಕೆಳಗಿನ ಹತ್ತು ಬಟ್ಟೆ ಅಂಟಂಟು. ಒಂದು ಚೀಲದಲ್ಲಿ ಯಾರೋ ತೊಳೆಯದ ಬೆಡ್‌ಶೀಟನ್ನೇ ಮಡಿಸಿ ಹಾಕಿದ್ದರು. ಮಧ್ಯಾಹ್ನದ ಹೊತ್ತಿಗೆ ಕೊಡಗಿನಿಂದ ಫೋನು: ಬಟ್ಟೆ ಸಾಕು, ಇಡಲು ಜಾಗ ಇಲ್ಲ, ಹೆಂಗಸರ ಒಳಉಡುಪು, ಪ್ಯಾಡು, ಹೊಸ ಟಾರ್ಪಾಲು ಇದ್ದರೆ ಕಳಿಸಿ. ನಮ್ಮ ಹತ್ತಿರ ಇದ್ದ ಟಾರ್ಪಾಲು ಎರಡು. ರಾಶಿಯ ಕೊನೆಯ ಭಾಗ ಏನಾಯಿತು ಅಂತ ಕೇಳಬೇಡಿ, ಮಂಟಪದವರಿಗೆ ಮದುವೆ ಬುಕಿಂಗ್ ಇತ್ತು, ಕಸದ ಲಾರಿ ಕರೆಸಿದರು.

ನಾವೊಬ್ಬರೇ ಅಲ್ಲ. 2004ರ ಸುನಾಮಿ ಆದಮೇಲೆ ತಮಿಳುನಾಡಿನ ನಾಗಪಟ್ಟಿಣದಲ್ಲಿ ದಾನಕ್ಕೆ ಬಂದ ಹಳೇ ಬಟ್ಟೆ ರಸ್ತೆ ಬದಿಯಲ್ಲಿ ಗುಡ್ಡೆ ಬಿದ್ದಿತ್ತು. ಶ್ರೀಲಂಕಾದಲ್ಲಿ ಇನ್ನೂ ವಿಚಿತ್ರ. ಹೊರಗಿನವರೆಲ್ಲ ಮೀನುಗಾರರಿಗೆ ದೋಣಿ ಕೊಡಿಸಲು ನುಗ್ಗಿ, ಕಳೆದುಹೋದದ್ದಕ್ಕಿಂತ ಹೆಚ್ಚು ಸಣ್ಣ ದೋಣಿಗಳು ಬಂದವು, ಅದರಲ್ಲಿ ಎಷ್ಟೋ ಸಮುದ್ರಕ್ಕೆ ಇಳಿಸಲು ಯೋಗ್ಯವೇ ಇರಲಿಲ್ಲ. ದೋಣಿಯ ಜೊತೆ ನಿಂತು ಫೋಟೋ ತೆಗೆಸಿಕೊಳ್ಳಬಹುದು, ಚರಂಡಿ ದುರಸ್ತಿಯ ಜೊತೆ ತೆಗೆಸಿಕೊಳ್ಳುವುದು ಕಷ್ಟ.

ಇನ್ನು ಚೀಲ ಹೊರುವ ಮಾತು. ವಿಮಾನದಲ್ಲಿ ಹೆಚ್ಚುವರಿ ಲಗೇಜಿಗೆ ಕಿಲೋ ಲೆಕ್ಕದಲ್ಲಿ ಕಟ್ಟುವ ದುಡ್ಡಿಗೆ ಅಲ್ಲೇ ಹೊಸ ಬಟ್ಟೆ ಸಿಗುತ್ತದೆ. ಕೊಲಂಬೊದ ಪೆಟ್ಟಾ ಮಾರ್ಕೆಟ್ ನಮ್ಮ ಶಿವರಾಂಪೇಟೆ ಇದ್ದ ಹಾಗೇ ಇದೆ. ಅಲ್ಲಿ ಕೊಂಡರೆ ಅಂಗಡಿಯವನಿಗೂ ಒಂದು ವ್ಯಾಪಾರ.

ಮಾತ್ರೆ, ಔಷಧಿ?

ಇನ್ನೂ ಬೇಡ. ಸುನಾಮಿ ಆದಾಗ ಇಂಡೋನೇಷ್ಯಾದಲ್ಲಿ 'ಆಚೆ' (Aceh) ಎನ್ನುವ ಹೆಸರಿನ ಪ್ರಾಂತ್ಯಕ್ಕೆ ಸುಮಾರು 4,000 ಟನ್ ಔಷಧಿ ಬಂದು ಬಿದ್ದಿತ್ತು, ಬಹಳಷ್ಟರ ಮೇಲೆ ಅಲ್ಲಿನವರಿಗೆ ಓದಲು ಬರುವ ಚೀಟಿಯೇ ಇರಲಿಲ್ಲ. ಸುಡುವುದಕ್ಕೇ ಬೇರೆ ಖರ್ಚು. ನಿಮ್ಮ ಬಿಪಿ ಮಾತ್ರೆ ನಿಮ್ಮ ಬ್ಯಾಗಿನಲ್ಲಿ, ಡಾಕ್ಟರ ಚೀಟಿ ಸಮೇತ, ಅಷ್ಟೇ.

ಹಾಗಾದರೆ ದುಡ್ಡು ಕಳಿಸೋದು ಹೇಗೆ? ಬೇರೆ ದೇಶಕ್ಕೆ ಕಳಿಸೋಕೆ ಬಿಡ್ತಾರಾ?

ಬಿಡುತ್ತಾರೆ. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಎನ್ನುವ ವ್ಯವಸ್ಥೆಯಲ್ಲಿ ಒಬ್ಬರು ಒಂದು ಆರ್ಥಿಕ ವರ್ಷಕ್ಕೆ 2,50,000 ಡಾಲರ್‌ವರೆಗೆ ಹೊರಗೆ ಕಳಿಸಬಹುದು, ದಾನವೂ ಅದರೊಳಗೇ ಬರುತ್ತದೆ. ಪ್ಯಾನ್ ಕಾರ್ಡ್ ಬೇಕು, ಬ್ಯಾಂಕಿನಲ್ಲಿ ಎ2 ಎನ್ನುವ ಫಾರ್ಮ್ ತುಂಬಬೇಕು, ಯಾತಕ್ಕೆ ಎನ್ನುವಲ್ಲಿ ದಾನ ಅಂತ ಗುರುತು ಹಾಕಬೇಕು. ವರ್ಷಕ್ಕೆ 10 ಲಕ್ಷ ರೂಪಾಯಿ ದಾಟದಿದ್ದರೆ ಟಿಸಿಎಸ್ ಅಂತ ಬ್ಯಾಂಕು ಮುಂಗಡವಾಗಿ ವಸೂಲು ಮಾಡುವ ತೆರಿಗೆ ಹಿಡಿಯುವುದಿಲ್ಲ. ನಮ್ಮ ನಿಮ್ಮ ದಾನ ಅಲ್ಲಿಗೆ ಮುಟ್ಟುವುದಿಲ್ಲ, ಆ ಚಿಂತೆ ಬಿಡಿ.

ನಿಜವಾದ ತೊಡಕು ಬೇರೆ. ಎರಡು ಸಾವಿರ ರೂಪಾಯಿ ಕಳಿಸಲು ಹೋದರೆ ಬ್ಯಾಂಕುಗಳ ಶುಲ್ಕವೇ ಅದರಲ್ಲಿ ದೊಡ್ಡ ತುಂಡು ಕಚ್ಚಿಕೊಳ್ಳುತ್ತದೆ, ಇಲ್ಲಿ ಒಬ್ಬರು, ನಡುವೆ ಒಬ್ಬರು, ಅಲ್ಲಿ ಒಬ್ಬರು. "ಹಾಗಾದರೆ ಬೀದಿಯವರದ್ದೆಲ್ಲ ಸೇರಿಸಿ ನಿಮ್ಮ ಅಕೌಂಟಿಂದ ಕಳಿಸಿಬಿಡಿ" ಅಂತ ಎದುರುಮನೆಯವರು ಹೇಳಿದರು. ಬೇರೆಯವರ ದುಡ್ಡನ್ನು ನನ್ನ ಪ್ಯಾನಿನ ಮೇಲೆ ಹೊರದೇಶಕ್ಕೆ ಕಳಿಸುವ ಕೆಲಸ ಮಾತ್ರ ನಾನು ಮಾಡುವುದಿಲ್ಲ. ಕೌಂಟರಿನ ಆಚೆ ಕೂತಿದ್ದಾಗ ಇಂಥ ಒಳ್ಳೇ ಮನಸ್ಸಿನವರು ಪೇಚಿಗೆ ಸಿಕ್ಕಿದ್ದನ್ನು ನೋಡಿದ್ದೇನೆ.

ಆದ್ದರಿಂದ ನಾವು ಮಾಡಿದ್ದು ಹೀಗೆ. ಬೀದಿಯವರು ಹಾಕಿದ್ದು ಇಲ್ಲಿಯೇ, ಕರ್ನಾಟಕದ ಮುಖ್ಯಮಂತ್ರಿ ಪರಿಹಾರ ನಿಧಿಗೆ, ಅವರವರ ಹೆಸರಿನಲ್ಲಿ ಅವರವರ ಮೊಬೈಲಿನಿಂದಲೇ. ನಮ್ಮ ಮನೆಯದ್ದನ್ನು ಅಲ್ಲಿಗೆ ಹೋದಾಗ ಸರ್ವೋದಯದವರಿಗೆ ಕೊಟ್ಟು ರಸೀದಿ ತಂದೆವು. ಸರ್ವೋದಯ ಅಂದರೆ ಎ.ಟಿ. ಆರಿಯರತ್ನ ಎನ್ನುವ ಮೇಷ್ಟ್ರು 1958ರಲ್ಲಿ ಶುರುಮಾಡಿದ ಗಾಂಧಿ ದಾರಿಯ ಸಂಸ್ಥೆ, ಹಳ್ಳಿ ಹಳ್ಳಿಯಲ್ಲಿ ಅವರ ಜನ ಇದ್ದಾರೆ. ಆರಿಯರತ್ನ 2024ರಲ್ಲಿ ತೀರಿಕೊಂಡರು. ಅಲ್ಲಿನ ರೆಡ್ ಕ್ರಾಸ್ ಇದೆ, ಸರ್ಕಾರದ 'ರಿಬಿಲ್ಡಿಂಗ್ ಶ್ರೀಲಂಕಾ' ನಿಧಿಯೂ ಇದೆ. ನಾನು ಸರ್ವೋದಯ ಆರಿಸಿದ್ದಕ್ಕೆ ಕಾರಣ ಒಂದೇ: ಚಂಡಮಾರುತ ಬರುವ ಮುಂಚೆಯೂ ಅವರು ಆ ಹಳ್ಳಿಗಳಲ್ಲಿ ಇದ್ದರು.

ದಾನಕ್ಕೆ ಆದಾಯ ತೆರಿಗೆಯಲ್ಲಿ 80ಜಿ ರಿಯಾಯಿತಿ ಸಿಗುತ್ತಾ?

ಹೊರದೇಶದ ಸಂಸ್ಥೆಗೆ ಕೊಟ್ಟರೆ ಸಿಗುವುದಿಲ್ಲ. ಮುಖ್ಯಮಂತ್ರಿ ಪರಿಹಾರ ನಿಧಿ, ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಗೆ ಕೊಟ್ಟಿದ್ದಕ್ಕೆ ಪೂರ್ತಿ ಮೊತ್ತದ ಮೇಲೆ ಸಿಗುತ್ತದೆ. ಆದರೆ ಹಳೇ ತೆರಿಗೆ ಪದ್ಧತಿಯಲ್ಲಿ ಇದ್ದವರಿಗೆ ಮಾತ್ರ. ಹೊಸ ಪದ್ಧತಿ ಆರಿಸಿಕೊಂಡು "ರಸೀದಿ ಕೊಡಿ, ರಸೀದಿ ಕೊಡಿ" ಅಂತ ಪ್ರಾಣ ತಿನ್ನುವವರು ನಮ್ಮ ಬೀದಿಯಲ್ಲೇ ಇಬ್ಬರಿದ್ದಾರೆ. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಲೆಕ್ಕಕ್ಕಿಲ್ಲ. ಅಕ್ಕಿ, ಬೇಳೆ, ಕಂಬಳಿ ಕೊಟ್ಟದ್ದಕ್ಕೂ ಇಲ್ಲ. ಟ್ರಸ್ಟುಗಳಿಗೆ ಕೊಟ್ಟರೆ ಬರೀ ರಸೀದಿ ಸಾಲದು, 10ಬಿಇ ಎನ್ನುವ ಸರ್ಟಿಫಿಕೇಟ್ ಕೇಳಿ ಪಡೆಯಿರಿ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್‌ನಿಂದ ಶುರು, ಅದರಲ್ಲಿ ಕಲಂ ಸಂಖ್ಯೆಗಳೆಲ್ಲ ಬದಲು. ಜನರ ಬಾಯಲ್ಲಿ 80ಜಿ ಇನ್ನೂ ಹತ್ತು ವರ್ಷ 80ಜಿಯಾಗಿಯೇ ಇರುತ್ತದೆ ಬಿಡಿ.

ಅಮೆರಿಕದಲ್ಲಿರೋ ನನ್ನ ಮಗನೂ ನಮ್ಮ ಇಲ್ಲಿನ ಟ್ರಸ್ಟಿಗೆ ಹಾಕ್ತೀನಿ ಅಂತಾನೆ. ಹಾಕಬಹುದಾ?

ಮಗನ ಪಾಸ್‌ಪೋರ್ಟ್ ಯಾವ ದೇಶದ್ದು? ಭಾರತದ್ದಾದರೆ, ಗ್ರೀನ್ ಕಾರ್ಡ್ ಇದ್ದರೂ, ಅವನ ಸ್ವಂತ ಸಂಪಾದನೆಯ ದುಡ್ಡು ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ. ಅಮೆರಿಕದ ಪೌರತ್ವ ತೆಗೆದುಕೊಂಡು ಓಸಿಐ ಎನ್ನುವ ಸಾಗರೋತ್ತರ ಭಾರತೀಯರ ಕಾರ್ಡ್ ಇಟ್ಟುಕೊಂಡಿದ್ದರೆ ಅವನು ಕಾನೂನಿನ ಕಣ್ಣಿಗೆ ವಿದೇಶಿಯೇ. ಅವನಿಂದ ತೆಗೆದುಕೊಳ್ಳಲು ಟ್ರಸ್ಟಿಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಇರಬೇಕು, ದುಡ್ಡು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಬಡಾವಣೆ ಸಂಘಗಳು, ಗಣಪತಿ ಸಮಿತಿಗಳು ಇದು ಗೊತ್ತಿಲ್ಲದೆ ಕೈಸುಟ್ಟುಕೊಳ್ಳುತ್ತವೆ.

ವಾಟ್ಸಾಪಿನಲ್ಲಿ ಬರೋ ಕ್ಯೂಆರ್ ಕೋಡಿಗೆ ಹಾಕಬಹುದಾ?

ದಿತ್ವಾ ಸುದ್ದಿ ಬಂದ ವಾರವೇ ನನಗೂ ಒಂದು ಬಂತು. ಕೆಸರಿನಲ್ಲಿ ಮಗು ಎತ್ತಿಕೊಂಡ ತಾಯಿಯ ಫೋಟೋ, ಕೆಳಗೆ ಕೋಡು. ಸ್ಕ್ಯಾನ್ ಮಾಡಿ, ಪಾಸ್‌ವರ್ಡ್ ಒತ್ತುವ ಮುಂಚೆ ಮೇಲೆ ಬರುವ ಹೆಸರು ಓದಿದೆ. ಯಾವುದೋ ಎಂಟರ್‌ಪ್ರೈಸಸ್. ಅಲ್ಲಿಗೇ ಬಿಟ್ಟೆ. ನಿಧಿಯ ಅಧಿಕೃತ ವೆಬ್‌ಸೈಟನ್ನು ನೀವೇ ಟೈಪ್ ಮಾಡಿ ತೆರೆಯಿರಿ, ಬೇರೆಯವರು ಕಳಿಸಿದ ಲಿಂಕ್ ಒತ್ತಬೇಡಿ. ಆ ಫೋಟೋ ಎಷ್ಟು ಹಳೆಯದೋ, ಯಾವ ಊರಿನದೋ.

ನಮ್ಮ ರಾಜ್ಯದಲ್ಲೇ ನೆರೆ ಬಂದು ಜನ ಬೀದಿಯಲ್ಲಿದ್ದಾರೆ, ಪರದೇಶಕ್ಕೆ ಯಾಕೆ ಕೊಡಬೇಕು?

ನನ್ನ ಅಣ್ಣನ ಪ್ರಶ್ನೆ ಇದು, ಪಾಂಡವಪುರದಲ್ಲಿ ಗದ್ದೆ ಮಾಡುವವನು. ಅವನು ಕೇಳುವುದರಲ್ಲಿ ನ್ಯಾಯ ಇದೆ. 2025ರ ಸೆಪ್ಟೆಂಬರಿನಲ್ಲಿ ಭೀಮಾ ನದಿ ಉಕ್ಕಿ ಕಲಬುರಗಿ, ವಿಜಯಪುರ, ಯಾದಗಿರಿ ಕಡೆ ತೊಗರಿ, ಹತ್ತಿ ನೀರು ಪಾಲಾಯಿತು. ಹಳೇ ಮೈಸೂರಿನವರು ನಾವು ಅದನ್ನು ಪಕ್ಕದ ದೇಶದ ಸುದ್ದಿಯಂತೆ ಓದಿದೆವು. ಶ್ರೀಲಂಕಾಗೆ ಟಿಕೆಟ್ ಇಲ್ಲದಿದ್ದರೆ ದಿತ್ವಾ ಸುದ್ದಿಯನ್ನೂ ಹಾಗೇ ಓದಿ ಮಡಚಿ ಇಡುತ್ತಿದ್ದೆ, ಸುಳ್ಳೇಕೆ ಹೇಳಲಿ. ಡಬ್ಬಿಯ ದುಡ್ಡನ್ನು ಎರಡು ಭಾಗ ಮಾಡಿದ್ದು ಅಣ್ಣನ ಮಾತಿನ ಮೇಲೆಯೇ.

ಆದರೆ ಅವನಿಗೆ ಒಂದು ಮಾತು ನೆನಪಿಸಿದೆ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದಾಗ ಗಡಿ ಎಲ್ಲಿದೆ ಅಂತ ಯಾರೂ ನೋಡಲಿಲ್ಲ. ವಯನಾಡಿನ ಮಳೆಯಿಂದಲೇ ತಾನೇ ನಮ್ಮ ಕಬಿನಿ ತುಂಬುವುದು. ಕರ್ನಾಟಕ ಸರ್ಕಾರ 100 ಮನೆ ಕಟ್ಟಿಸಿಕೊಡುತ್ತೇವೆ ಅಂದಿತು. ಅಲ್ಲಿ ಸತ್ತವರಲ್ಲಿ ತೋಟದ ಪಾಡಿಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಇದ್ದವರೇ ಎಷ್ಟೋ ಜನ. ಬದುಳ್ಳ, ನುವರ ಎಲಿಯದಲ್ಲೂ ಅದೇ, ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನಿಂದ ಕರೆದೊಯ್ದವರ ಮಕ್ಕಳು ಮೊಮ್ಮಕ್ಕಳು ಗುಡ್ಡದ ಓರೆಯ ಲೈನ್ ಮನೆಗಳಲ್ಲಿ. ಕೊಡಗಿನ ಕಾಫಿ ತೋಟದಲ್ಲೂ ನಾವು ಲೈನ್ ಮನೆ ಅಂತಲೇ ಕರೆಯುವುದು. ಮೂರು ಕಡೆಯೂ ಅದೇ ಶೀಟಿನ ಚಾವಣಿ, ಹಿಂದೆ ಅದೇ ಮಣ್ಣಿನ ಗೋಡೆಯಂಥ ಗುಡ್ಡ.

ಅಂದ ಹಾಗೆ ವಯನಾಡಿಗೆ ಸಾಮಾನು ತುಂಬಿಕೊಂಡು ಹೋಗುವವರಿಗೆ: ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ನಮ್ಮ ಬೀದಿಯ ಹುಡುಗರು ಮಿನಿ ಲಾರಿ ತುಂಬಿ, ಪೂಜೆ ಮಾಡಿ, ಬಾವುಟ ಕಟ್ಟಿ ಹೊರಟಾಗಲೇ ಏಳೂವರೆ. ಗುಂಡ್ಲುಪೇಟೆ ದಾಟಿ ಗೇಟಿನ ಹತ್ತಿರ ರಾತ್ರಿಯೆಲ್ಲ ಸೊಳ್ಳೆ ಕಚ್ಚಿಸಿಕೊಂಡು ಕೂತಿದ್ದರು.

ಎಷ್ಟು ಕೊಡಬೇಕು, ಯಾವಾಗ ಕೊಡಬೇಕು?

ಎಷ್ಟು ಅನ್ನುವುದು ನಿಮ್ಮ ಇಷ್ಟ. ಯಾವಾಗ ಅನ್ನುವುದರ ಬಗ್ಗೆ ನನ್ನದೊಂದು ಹಟ ಇದೆ.

ಸಾವಿನ ಮನೆಗೆ ಮೊದಲ ಹದಿಮೂರು ದಿನ ಊಟದ ಕ್ಯಾರಿಯರು ಒಂದರ ಹಿಂದೆ ಒಂದು ಬರುತ್ತದೆ. ವೈಕುಂಠ ಸಮಾರಾಧನೆ ಮುಗಿದ ಮಾರನೇ ದಿನದಿಂದ ಆ ಮನೆಯ ಹೆಂಗಸು ಒಬ್ಬಳೇ ಒಲೆ ಹಚ್ಚಬೇಕು. ಗುಡ್ಡ ಕುಸಿದ ಊರಿನದ್ದೂ ಇದೇ ಕಥೆ. ಮೊದಲ ವಾರ ಬಿಸ್ಕತ್ತು, ನೀರಿನ ಬಾಟಲಿ ಮಳೆಯಂತೆ ಸುರಿಯುತ್ತದೆ. ಮೂರನೇ ತಿಂಗಳಿಗೆ ಬಾಡಿಗೆ ಕಟ್ಟಬೇಕು, ಮಕ್ಕಳ ಸ್ಕೂಲ್ ಬ್ಯಾಗು ಬೇಕು, ಹೊಲಿಗೆ ಮೆಷಿನ್ನು ರಿಪೇರಿ ಆಗಬೇಕು, ಆಗ ಯಾರೂ ಇರುವುದಿಲ್ಲ. ಹಾಗಾಗಿ ನಮ್ಮ ಡಬ್ಬಿಯಿಂದ ಮೂರನೇ ಒಂದು ಭಾಗ ಕೂಡಲೇ, ಉಳಿದದ್ದು ಮೂರು ತಿಂಗಳ ಮೇಲೆ. ದುಡ್ಡು ಕೊಟ್ಟವರಲ್ಲಿ ಕೆಲವರಿಗೆ ಇದು ಸರಿಬರಲಿಲ್ಲ. "ಇನ್ನೂ ಇಟ್ಟುಕೊಂಡಿದಾರೆ" ಅಂತ ಮಾತೂ ಬಂತು. ಅದಕ್ಕೇ ಡಬ್ಬಿಯ ಜೊತೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ, ಯಾರು ಬೇಕಾದರೂ ಬಂದು ನೋಡಬಹುದು.

ಪಾಸ್‌ಪೋರ್ಟು, ವೀಸಾ, ದುಡ್ಡು ಹೆಂಗೆ ಮಾಡಿಕೊಂಡಿರಿ?

ನಮ್ಮತ್ತೆಯ ಪಾಸ್‌ಪೋರ್ಟ್ ಹೊಸದಾಗಿ ಮಾಡಿಸಬೇಕಿತ್ತು, ಮೈಸೂರಿನಲ್ಲೇ ಆಯಿತು. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಕೇಂದ್ರ ಅನ್ನುವುದು 2017ರ ಜನವರಿಯಲ್ಲಿ ದೇಶದಲ್ಲೇ ಮೊದಲು ಶುರುವಾದ ಎರಡು ಊರುಗಳಲ್ಲಿ ನಮ್ಮದೂ ಒಂದು, ಇನ್ನೊಂದು ಗುಜರಾತಿನ ದಾಹೋದ್. ಬೆರಳಚ್ಚು ಸರಿಯಾಗಿ ಮೂಡದೆ ನಮ್ಮತ್ತೆ ನಾಲ್ಕು ಸಲ ಕೈ ಒರೆಸಿಕೊಂಡರು. "ಎಪ್ಪತ್ತು ವರ್ಷ ಪಾತ್ರೆ ತಿಕ್ಕಿದ ಕೈ ಕಣಪ್ಪ, ಇನ್ನೇನು ಉಳಿದಿರುತ್ತೆ" ಅಂದಾಗ ಕೌಂಟರಿನ ಹುಡುಗ ನಕ್ಕುಬಿಟ್ಟ.

ವೀಸಾಗೆ ಇಟಿಎ ಎನ್ನುವ ಆನ್‌ಲೈನ್ ಅನುಮತಿ. ಶ್ರೀಲಂಕಾ ಸರ್ಕಾರದ ವೆಬ್‌ಸೈಟಿನಲ್ಲೇ ಹಾಕಿ. ಅದನ್ನೇ ಹೋಲುವ ಏಜೆಂಟರ ಸೈಟುಗಳಿವೆ, ಸುಮ್ಮನೆ ಹೆಚ್ಚು ಕೀಳುತ್ತವೆ. ಮೈಸೂರಿಂದ ದೇವನಹಳ್ಳಿಗೆ ಫ್ಲೈಬಸ್ಸಿನಲ್ಲಿ ನಾಲ್ಕು ಗಂಟೆ, ಅಲ್ಲಿಂದ ಕೊಲಂಬೊಗೆ ಒಂದೂವರೆ. "ಪರದೇಶಕ್ಕಿಂತ ಬೆಂಗಳೂರೇ ದೂರ" ಅಂತ ಯಜಮಾನರು ಈಗಲೂ ಹೇಳಿಕೊಂಡು ತಿರುಗುತ್ತಾರೆ.

ನಮ್ಮ ರೂಪಾಯಿ ನೋಟನ್ನು 25,000ಕ್ಕಿಂತ ಹೆಚ್ಚು ಹೊರಗೆ ಒಯ್ಯುವಂತಿಲ್ಲ. ನಮ್ಮ ಒಂದು ರೂಪಾಯಿಗೆ ಅಲ್ಲಿನ ಮೂರು ರೂಪಾಯಿ ಚಿಲ್ಲರೆ ಸಿಗುತ್ತದೆ, ಎಲ್ಲ ಬೆಲೆಯೂ ಮೊದಲು ಎದೆ ಝಲ್ ಅನ್ನಿಸುತ್ತದೆ, ಆಮೇಲೆ ಭಾಗಾಕಾರ ರೂಢಿಯಾಗುತ್ತದೆ. 2024ರ ಫೆಬ್ರವರಿಯಿಂದ ಅಲ್ಲಿ ಯುಪಿಐ ಕೂಡ ನಡೆಯುತ್ತದೆ, ಎಲ್ಲ ಅಂಗಡಿಯಲ್ಲೂ ಅಲ್ಲ.

ಇನ್ಶೂರೆನ್ಸ್ ಇತ್ತಲ್ಲ, ಕ್ಯಾನ್ಸಲ್ ಮಾಡಿದ್ರೆ ಕೊಡ್ತಿರಲಿಲ್ವಾ?

ಚಂಡಮಾರುತದಿಂದ ವಿಮಾನವೇ ರದ್ದಾಗಿದ್ದರೆ ಪಾಲಿಸಿ ನೋಡಿ ಕೊಡುತ್ತಿದ್ದರು. ನಮಗೇ ಮನಸ್ಸಿಗೆ ಕಸಿವಿಸಿ ಅಂತ ರದ್ದು ಮಾಡಿದರೆ ಸಾಮಾನ್ಯ ಪಾಲಿಸಿಯಲ್ಲಿ ಕೊಡುವುದಿಲ್ಲ. ಸುದ್ದಿ ಬಂದಮೇಲೆ ಓಡಿಹೋಗಿ ಪಾಲಿಸಿ ಮಾಡಿಸಿದರೆ ಆ ಚಂಡಮಾರುತ ಅದರಲ್ಲಿ ಸೇರುವುದಿಲ್ಲ. ಟಿಕೆಟ್ ಮಾಡಿಸಿದ ದಿನವೇ ಮಾಡಿಸಿ.

ಹಾನಿಯಾದ ಊರುಗಳನ್ನ ನೋಡಿದಿರಾ? ಫೋಟೋ ಇದೆಯಾ?

ಇಲ್ಲ. ನೋಡಲಿಕ್ಕಂತ ಹೋಗಲಿಲ್ಲ. ಕೊಡಗಿನಲ್ಲಿ ಮಣ್ಣಿನಡಿ ಹೋದ ಮನೆಯ ಮುಂದೆ ಕಾರು ನಿಲ್ಲಿಸಿ ಸೆಲ್ಫಿ ತೆಗೆಯುತ್ತಿದ್ದವರನ್ನು ಕಂಡಿದ್ದೆ. ಆ ಸಾಲಿಗೆ ನಾವು ಸೇರುವುದು ಬೇಡ ಅಂತ.

ಹಳೇ ಗಾಯ ಒಂದನ್ನು ನೋಡಿದೆವು. ಕೊಲಂಬೊದಿಂದ ಗಾಲೆಗೆ ಹೋಗುವ ಸಮುದ್ರದಂಚಿನ ದಾರಿಯಲ್ಲಿ, ಹಿಕ್ಕಡುವಕ್ಕಿಂತ ಮುಂಚೆ ಪೆರಲಿಯ ಅಂತ ಊರು. 2004ರ ಡಿಸೆಂಬರ್ 26ರ ಬೆಳಿಗ್ಗೆ ಅಲ್ಲಿ ನಿಂತಿದ್ದ ರೈಲಿನ ಮೇಲೆ ಅಲೆ ಬಂತು. ಮೊದಲ ಅಲೆಗೆ ಹೆದರಿದ ಊರಿನವರು ರೈಲು ಗಟ್ಟಿ ಅಂತ ಅದರೊಳಗೆ ಹತ್ತಿದ್ದರು, ಎರಡನೆಯದು ರೈಲನ್ನೇ ಎತ್ತಿ ಒಗೆಯಿತು. ಕಡಿಮೆ ಅಂದರೂ 1,700 ಜನ. ರೈಲಿನ ಹೆಸರು 'ಸಮುದ್ರ ದೇವಿ'. ಆ ಹಳಿಯ ಮೇಲೆ ಈಗ ರೈಲು ಓಡಾಡುತ್ತದೆ. ಹತ್ತಿರದಲ್ಲಿ ಜಪಾನಿನವರ ನೆರವಿನಿಂದ ನಿಲ್ಲಿಸಿದ ಎತ್ತರದ ಬುದ್ಧ, ಅಫ್ಘಾನಿಸ್ತಾನದಲ್ಲಿ ಒಡೆದುಹಾಕಿದ ಬಾಮಿಯಾನ್ ಬುದ್ಧನ ಮಾದರಿ. ನಾವು ನಿಂತಿದ್ದಾಗಲೇ ಒಂದು ರೈಲು ಹೋಯಿತು, ಬಾಗಿಲಲ್ಲಿ ಹುಡುಗರು ನೇತಾಡುತ್ತಿದ್ದರು, ನನ್ನ ಮೊಮ್ಮಗಳಿಗೆ ಕೈ ಬೀಸಿದರು.

ಸಂಸ್ಥೆಗೆ ಯಾಕೆ, ಅಲ್ಲೇ ಕಷ್ಟದಲ್ಲಿದ್ದವರ ಕೈಗೇ ಕೊಡಬಹುದಿತ್ತಲ್ಲ?

ಒಂದು ಸಲ ಪ್ರಯತ್ನಪಟ್ಟೆವು. ನಮ್ಮ ವ್ಯಾನಿನ ಡ್ರೈವರ್ ಗಂಪೊಲ ಊರಿನವರು, ಮಹಾವೇಲಿ ನದಿ ಅವರ ಮನೆಯೊಳಗೆ ಕಿಟಕಿಯ ಮಟ್ಟಕ್ಕೆ ಬಂದಿತ್ತು. ಇದೂ ಮೂರನೇ ದಿನ ಹೇಳಿದ್ದು, ಅದೂ ಹಾಸಿಗೆ ಒಣಗಿತಾ ಅಂತ ಹೆಂಡತಿಯ ಜೊತೆ ಫೋನಿನಲ್ಲಿ ಮಾತಾಡಿದ್ದು ತಮಿಳಿನಲ್ಲಿ ನಮ್ಮ ಯಜಮಾನರ ಕಿವಿಗೆ ಬಿದ್ದು, ಅವರು ಕೇಳಿದ್ದರಿಂದ.

ಕೊನೆಯ ದಿನ ಬಾಡಿಗೆಯ ಜೊತೆ ಹೆಚ್ಚಿಗೆ ಐದು ಸಾವಿರ ಇಟ್ಟೆ. ಎಣಿಸಿದರು, ಬಾಡಿಗೆ ತೆಗೆದುಕೊಂಡರು, ಉಳಿದದ್ದನ್ನು ಕೈಯಲ್ಲೇ ಹಿಡಿದುಕೊಂಡರು. ವಾಪಸ್ಸು ಕೊಡಲೂ ಇಲ್ಲ, ಜೇಬಿಗೂ ಹಾಕಲಿಲ್ಲ. ಏರ್‌ಪೋರ್ಟಿನ ದಾರಿಯಲ್ಲಿ ಕಳುತರದ ಬೋಧಿ ಮರದ ಹತ್ತಿರ ವ್ಯಾನು ನಿಲ್ಲಿಸಿದರು. ಅಲ್ಲಿ ಲಾರಿ, ಬಸ್ಸು, ಆಟೋ ಎಲ್ಲ ಒಂದು ಕ್ಷಣ ನಿಂತು ರಸ್ತೆ ಬದಿಯ ಹುಂಡಿಗೆ ಕಾಸು ಹಾಕಿಯೇ ಮುಂದೆ ಹೋಗುವುದು. ಅವರು ಸಾವಿರ ರೂಪಾಯಿಯ ಒಂದು ನೋಟನ್ನು ಹುಂಡಿಗೆ ಹಾಕಿದರು, ಉಳಿದದ್ದನ್ನು ಆಗ ಜೇಬಿಗೆ ಇಟ್ಟುಕೊಂಡರು. "ಪಿನ್" ಅಂದರು ಇಷ್ಟೇ. ಪುಣ್ಯ ಅನ್ನುವುದಕ್ಕೆ ಸಿಂಹಳದಲ್ಲಿ ಪಿನ್ ಅನ್ನುತ್ತಾರೆ. ಅಲ್ಲಿ ವೆಸಾಕ್ ಹುಣ್ಣಿಮೆಗೆ, ಅಂದರೆ ಬುದ್ಧ ಪೂರ್ಣಿಮೆಗೆ, ದಾರಿಹೋಕರಿಗೆಲ್ಲ ಊಟ ಹಾಕುವ ಚಪ್ಪರಕ್ಕೆ 'ದನ್ಸಲ' ಅಂತ ಹೆಸರು, ನಮ್ಮ ದಾನಶಾಲೆಯೇ. ನಮ್ಮ ಕಡೆ ರಾಮನವಮಿಗೆ ಪಾನಕ ಕೋಸಂಬರಿ ಕೊಟ್ಟ ಹಾಗೆ.

ಗುರುತಿನ ಒಬ್ಬರಿಗೆ, ಕೆಲಸದ ಸಂಬಂಧ ಇರುವಾಗ, ಹೀಗೆ ಕೊಡಬಹುದು. ಗೊತ್ತಿಲ್ಲದ ಊರಿಗೆ ಹೋಗಿ ನೋಟಿನ ಕಟ್ಟು ಬಿಚ್ಚಿದರೆ ಸಿಗುವುದು ಮುಂದೆ ನುಗ್ಗಿದವರಿಗೆ. ನಡೆಯಲಾಗದ ಮುದುಕಿ ಹಿಂದೆಯೇ ಉಳಿಯುತ್ತಾಳೆ. ಮೇಲಾಗಿ ಪ್ರವಾಸಿ ವೀಸಾ ಇರುವುದು ಪ್ರವಾಸಕ್ಕೆ.

ಮಗುವಿಗೆ ಇದೆಲ್ಲ ಹೇಳಿದಿರಾ?

ಕೇಳಿದ್ದಷ್ಟಕ್ಕೆ ಉತ್ತರ. ಎಳ್ಳು ಬೀರಲು ಹೋದಾಗ ಅವಳಿಗೆ ಬಂದಿದ್ದ ಕಾಸನ್ನು ಡಬ್ಬಿಗೆ ಹಾಕಬೇಕಾ ಅಂತ ಕೇಳಿದಳು. ಬೇಕಾಗಿಲ್ಲ ಅಂದೆ. ನೂರರಲ್ಲಿ ಹತ್ತು ಹಾಕಿದಳು, ನೋಟ್‌ಬುಕ್ಕಿನಲ್ಲಿ ತನ್ನ ಹೆಸರು ಬರೆದೆನೋ ಇಲ್ಲವೋ ಅಂತ ಎರಡು ಸಲ ನೋಡಿಕೊಂಡಳು.

ಸಸ್ಯಾಹಾರಿಗಳಿಗೆ ಊಟ ಸಿಗುತ್ತಾ?

ಅನ್ನ, ತೆಂಗಿನಹಾಲಿನ ಬೇಳೆ ಸಾರು, ಹಲಸಿನಕಾಯಿ ಪಲ್ಯ, ಇಡಿಯಪ್ಪ. ಒಂದು ಎಚ್ಚರ: ಪೊಲ್ ಸಂಬೋಲ ಅಂತ ತೆಂಗಿನತುರಿ ಚಟ್ನಿ ಕೊಡುತ್ತಾರೆ, ನೋಡಿದರೆ ನಮ್ಮ ಚಟ್ನಿಯೇ, ಅದರಲ್ಲಿ ಒಣಮೀನಿನ ಪುಡಿ ಇರುತ್ತದೆ. ಹಾಕಬೇಡಿ ಅಂತ ಮೊದಲೇ ಹೇಳಬೇಕು. ನಮ್ಮ ಮನೆಯಲ್ಲಿ ಒಬ್ಬರು ಕೇಳದೆ ತಿಂದು, ಚೆನ್ನಾಗಿದೆ ಅಂತ ಎರಡನೇ ಸಲ ಹಾಕಿಸಿಕೊಂಡರು. ಯಾರು ಅಂತ ನಮ್ಮತ್ತೆಗೆ ಇನ್ನೂ ಗೊತ್ತಿಲ್ಲ.

ಡಬ್ಬಿ ಈಗಲೂ ಇದೆಯಾ? ನಾವೂ ಹಾಕಬಹುದಾ?

ಇದೆ. ಶ್ರೀಲಂಕಾದ ಎರಡನೇ ಕಂತು ಮಾರ್ಚಿನಲ್ಲಿ ಹೋಗಬೇಕು, ಅದು ನಮ್ಮ ಮನೆಯವರ ದುಡ್ಡು ಮಾತ್ರ, ಮಗನ ಅಕೌಂಟಿನಿಂದ ಎ2 ಫಾರ್ಮ್ ತುಂಬಿ. ಬೀದಿಯವರದ್ದು ಕಲಬುರಗಿ ಕಡೆಗೆ. ಸಂಜೆ ಐದರ ಮೇಲೆ ಬನ್ನಿ. ಬೆಲ್ಲು ಕೆಟ್ಟಿದೆ, ಕಿಟಕಿ ತಟ್ಟಿ. ಬಟ್ಟೆ ಚೀಲ ತರಬೇಡಿ.